ಅಮ್ಮ ನಲ್ಲಿಗೆ ಸುತ್ತಿದ್ದ ಟವೆಲ್ಲು

ಹೋದ ವರ್ಷ ಕಾರ್ತಿಕದಲ್ಲಿ ಊರಿಗೆ ಹೋಗಿದ್ದೆ. ತಿಪಟೂರಿನಿಂದ ಸ್ವಲ್ಪ ಒಳಗೆ ನಮ್ಮ ಊರು. ಬೆಳಿಗ್ಗೆ ಸ್ನಾನಕ್ಕೆ ಹೋದರೆ ಬಿಸಿನೀರಿನ ನಲ್ಲಿಗೆ ಒಂದು ಹಳೇ ಟವೆಲ್ಲು ಸುತ್ತಿತ್ತು. ನಾನು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಟವೆಲ್ ತೆಗೀಬೇಡ ಕಣೋ. ಅದನ್ನ ಹಿಡ್ಕೊಂಡೇ ನಲ್ಲಿ ತಿರುಗಿಸು. ಬರೀ ಕೈಯಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ."

ಉಪ್ಪು ಕಡಿಮೆ ಇದೆ, ನೋಡಿ ಹಾಕ್ಕೋ ಅನ್ನುವಾಗಿನ ದನಿಯೇ ಅದು. ನಾನು ಹೊರಗೆ ಬಂದೆ. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. "ಮಳೆಗಾಲದಿಂದ ಇರಬೇಕು. ಜಾಸ್ತಿ ಏನಿಲ್ಲ, ಸ್ವಲ್ಪ ಅಷ್ಟೇ. ಚಪ್ಪಲಿ ಹಾಕ್ಕೊಂಡ್ರೆ ಗೊತ್ತೇ ಆಗಲ್ಲ." ಐದು ತಿಂಗಳು. ಎಪ್ಪತ್ತು ದಾಟಿದ ಅಮ್ಮ ಒಬ್ಬಳೇ ಇರುವ ಮನೆಯಲ್ಲಿ, ಐದು ತಿಂಗಳು ದಿನಾ ಬೆಳಿಗ್ಗೆ, ಒದ್ದೆ ನೆಲದ ಮೇಲೆ ನಿಂತು, ಒಂದು ಟವೆಲ್ಲಿನ ನಂಬಿಕೆ ಮೇಲೆ ಸ್ನಾನ ಮಾಡಿದ್ದಳು. ಆ ಟವೆಲ್ಲು ಒಣಗಿರುವವರೆಗೆ ಮಾತ್ರ ಅದಕ್ಕೆ ತಡೆಯುವ ಶಕ್ತಿ. ಒದ್ದೆಯಾದರೆ ಅದೂ ಒಂದು ತಂತಿಯೇ. ಬಚ್ಚಲಲ್ಲಿ ಟವೆಲ್ಲು ಎಷ್ಟು ಹೊತ್ತು ಒಣಗಿರುತ್ತೆ?

ಅವತ್ತಿನಿಂದ ಈ "ಜುಮ್" ಅನ್ನುವ ಮಾತು ನನ್ನನ್ನು ಬಿಟ್ಟಿಲ್ಲ. ನೆಂಟರ ಮನೆ, ಗೆಳೆಯರ ಮನೆ ಎಲ್ಲ ಕಡೆ ಕೇಳತೊಡಗಿದೆ. ಒಬ್ಬರ ಮನೆಯಲ್ಲಿ ಫ್ರಿಜ್ ಬಾಗಿಲು ಜುಮ್ ಅನ್ನುತ್ತೆ. ಇನ್ನೊಬ್ಬರ ಮನೆಯಲ್ಲಿ ವಾಷಿಂಗ್ ಮೆಷಿನ್. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಷವರ್ ಕೆಳಗೆ ನಿಂತರೆ ನೆತ್ತಿ ಮೇಲೆ ಇರುವೆ ಹರಿದ ಹಾಗೆ ಆಗುತ್ತಂತೆ. ಪ್ರತಿ ಮನೆಗೂ ಅದರದ್ದೇ ಉಪಾಯ ಇದೆ. ಚಪ್ಪಲಿ, ಮಣೆ, ಬಟ್ಟೆ, ಗೋಣಿತಾಟು. ಯಾರೂ ಅದನ್ನು ಕೆಟ್ಟುಹೋದದ್ದು ಅಂತ ಹೇಳಲ್ಲ. ಆ ಮನೆಯ ಒಂದು ಗುಣ ಅನ್ನುವ ಹಾಗೆ ಹೇಳುತ್ತಾರೆ.

ನಮ್ಮ ಮಾತಿನಲ್ಲೇ ಒಂದು ಗೊಂದಲ ಸೇರಿಕೊಂಡಿದೆ. ಗೀಸರ್ ಮುಟ್ಟಿದರೆ ಶಾಕ್ ಹೊಡೆದಾಗ "ಅರ್ತ್ ಹೊಡೀತಾ ಇದೆ" ಅನ್ನುತ್ತೇವೆ. ಗೋಡೆಗೆ ಕರೆಂಟ್ ಇಳಿದಾಗ "ಗೋಡೆಗೆ ಅರ್ತ್ ಬರ್ತಿದೆ" ಅನ್ನುತ್ತೇವೆ. ಆದರೆ ಅರ್ತ್ ಅಂದರೆ ಸೋರಿದ ಕರೆಂಟನ್ನು ನಮ್ಮ ಮೈಗೆ ಬಿಡದೆ ನೆಲಕ್ಕೆ ಇಳಿಸುವ ಹಸಿರು ವೈರು. ಅದು ಸರಿಯಾಗಿ ಇದ್ದಿದ್ದರೆ ಹೊಡೆಯುತ್ತಲೇ ಇರಲಿಲ್ಲ. ಹೊಡೆಯುತ್ತಿರುವುದು ಅರ್ತ್ ಇಲ್ಲದ್ದಕ್ಕೆ. ಕಾಯುವವನ ಹೆಸರನ್ನೇ ಕಳ್ಳನಿಗೂ ಇಟ್ಟ ಹಾಗೆ. ಇದು ಬರೀ ಮಾತಿನ ತಪ್ಪಾಗಿದ್ದರೆ ಬಿಡಬಹುದಿತ್ತು. ಆದರೆ "ಅರ್ತ್ ಬರ್ತಿದೆಯಲ್ಲ, ಆ ಹಸಿರು ವೈರ್ ಕಿತ್ತು ಹಾಕಿ" ಅಂತ ಹೇಳುವವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಮನೆಗೆ ಗೀಸರ್ ಬಂದದ್ದು ತಡವಾಗಿ. ಅದಕ್ಕೆ ಮುಂಚೆ ಬಚ್ಚಲುಮನೆ ಅಂದರೆ ಹಂಡೆ. ಮೂಲೆಯಲ್ಲಿ ಒಲೆ, ಅದರ ಮೇಲೆ ಗಾರೆಯಲ್ಲಿ ಹೂತ ತಾಮ್ರದ ಹಂಡೆ. ತೆಂಗಿನ ಸೀಮೆ ನಮ್ಮದು. ಗರಿ, ಎಡಮಟ್ಟೆ, ಕಾಯಿ ಮಟ್ಟೆ, ಚಿಪ್ಪು, ಇವೇ ಸೌದೆ. ಬೆಳಿಗ್ಗೆ ಐದಕ್ಕೆ ಅಪ್ಪ ಉರಿ ಹಾಕುತ್ತಿದ್ದರು. ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುವುದು ದೂರದಿಂದಲೇ ಕಾಣುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಾವಿ ನೀರು ತುಂಬಿಸಿ, ಕೊರಳಿಗೆ ಹೂವು ಸುತ್ತಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತಿದ್ದೆವು. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ಅಮ್ಮ ಮಣೆ ಮೇಲೆ ಕೂರಿಸಿ ತಲೆ ಮೇಲೆ ನೀರು ಹೊಯ್ಯುತ್ತಿದ್ದಳು. ಬಿಸಿನೀರಿನಿಂದ ಆಗಬಹುದಾದ ಅಪಾಯ ಅಂದರೆ ಸುಡುವುದು ಒಂದೇ. ಅದು ಎಂಥ ಮಗುವಿಗೂ ಗೊತ್ತಾಗುವ ಅಪಾಯ. ಉರಿ ಕಾಣುತ್ತೆ, ಹಬೆ ಕಾಣುತ್ತೆ.

ಅಪ್ಪನಿಗೆ ವಯಸ್ಸಾದ ಮೇಲೆ ತೋಟದಿಂದ ಸೌದೆ ತರುವವರು ಯಾರೂ ಇಲ್ಲವಾದರು. ಅದೇ ಬಚ್ಚಲಿಗೆ ಟೈಲ್ಸ್ ಹಾಕಿಸಿ, ಹಂಡೆ ಕೀಳಿಸಿ, 25 ಲೀಟರಿನ ಗೀಸರ್ ಹಾಕಿಸಿದೆವು. ಹಂಡೆಯನ್ನು ತೊಟ್ಟಿಯ ಪಕ್ಕ ಮಗುಚಿಟ್ಟಿದ್ದೇವೆ, ಈಗಲೂ ಇದೆ. ಗೀಸರ್ ಹಾಕಿಸಿದಾಗ ಅಪ್ಪ ಒಂದು ಒಳ್ಳೇ ಕೆಲಸ ಮಾಡಿದ್ದರು. ಮನೆ ಪಕ್ಕ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ಹಾಕಿಸಿ, ಪೈಪು ಹೂಳಿಸಿ ಅರ್ತಿಂಗ್ ಮಾಡಿಸಿದ್ದರು. ಬೇಸಿಗೆಯಲ್ಲಿ ವಾರಕ್ಕೆ ಒಂದು ಕೊಡ ನೀರನ್ನು ಆ ಗುಂಡಿಗೆ ಹಾಕುತ್ತಿದ್ದರು. ಗಿಡಕ್ಕೆ ಹಾಕಿದ ಹಾಗೇ ಹಾಕುತ್ತಿದ್ದರು. ನಾನು ಅದನ್ನು ಅವರ ಒಂದು ಅಭ್ಯಾಸ ಅಂತ ಮಾತ್ರ ಅಂದುಕೊಂಡಿದ್ದೆ.

ಅಪ್ಪ ಹೋದ ಎರಡು ವರ್ಷಕ್ಕೆ ಅಂಗಳಕ್ಕೆ ಸಿಮೆಂಟ್ ಹಾಕಿಸಿದೆವು. ಮಳೆ ಬಂದರೆ ಅಮ್ಮ ಜಾರಿ ಬೀಳುತ್ತಾಳೆ ಅನ್ನುವ ಭಯಕ್ಕೆ. ಗುಂಡಿ ಅದರ ಕೆಳಗೆ ಹೋಯಿತು. ಅದಾದ ಮೇಲೆ ಒಂದು ದಿನ ಅಮ್ಮ ಫೋನಿನಲ್ಲಿ, "ಬೆಳಿಗ್ಗೆ ಗೀಸರ್ ಹಾಕಿದ್ರೆ ಇಡೀ ಮನೆ ಕರೆಂಟ್ ಹೋಗುತ್ತೆ ಕಣಪ್ಪ. ಆ ಬಾಕ್ಸಲ್ಲಿರೋ ಬಟನ್ ಬಿದ್ದೋಗುತ್ತೆ" ಅಂದಳು. ಯಾರನ್ನಾದರೂ ಕರೆಸಿ ತೋರಿಸು ಅಂದೆ. ಎರಡು ದಿನ ಬಿಟ್ಟು ಕೇಳಿದಾಗ, "ಸರಿ ಹೋಯ್ತು. ಈಗ ಬೀಳ್ತಾನೇ ಇಲ್ಲ" ಅಂದಳು. ಒಳ್ಳೇದಾಯ್ತು ಬಿಡಮ್ಮ ಅಂದೆ. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಸಂಕಟವಾಗುತ್ತೆ.

ಟವೆಲ್ಲು ನೋಡಿದ ದಿನ ಗೀಸರಿನ ಎಂಸಿಬಿ, ಅಂದರೆ ಕರೆಂಟ್ ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್ಚು, ಇಳಿಸಿ, ತಿಪಟೂರಿನಿಂದ ಲೈಸೆನ್ಸ್ ಇರುವ ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆ. ಅವರು ಮೊದಲು ಮಾಡಿದ ಕೆಲಸ ಮೇನ್ ಬೋರ್ಡಿನ ಮುಚ್ಚಳ ಬಿಚ್ಚಿದ್ದು. ಒಳಗೆ ಆರ್‌ಸಿಸಿಬಿ ಇತ್ತು, ಕರೆಂಟ್ ಸೋರಿದರೆ ತಾನೇ ಬಿದ್ದು ಇಡೀ ಮನೆಯ ಕರೆಂಟ್ ಕತ್ತರಿಸುವ ಸಾಧನ. ಅಮ್ಮ ಹೇಳಿದ ಬಟನ್ ಅದೇ. ಆದರೆ ಸುಮ್ನೆ ಕೂತಿತ್ತು. ಮೀಟರಿನಿಂದ ಬಂದ ವೈರುಗಳನ್ನು ಅದರೊಳಗೆ ಹಾಯಿಸದೆ, ಪಕ್ಕದಲ್ಲೇ ಜೋಡಿಸಿ ಟೇಪ್ ಸುತ್ತಿ ಎಂಸಿಬಿಗಳಿಗೆ ಡೈರೆಕ್ಟ್ ಕೊಟ್ಟಿದ್ದರು. ಅದಕ್ಕೇ ಬೀಳುತ್ತಿರಲಿಲ್ಲ. ಆಮೇಲೆ ಕರೆಂಟ್ ಸೋರುತ್ತಿದೆಯಾ ಅಂತ ಅಳೆಯುವ ಮೆಗ್ಗರ್ ಹಿಡಿದು, ಗೀಸರಿನಲ್ಲಿ ನೀರು ಕಾಯಿಸುವ ಕಾಯಿಲ್ ನೋಡಿದರು. ಕರೆಂಟಿಗೆ ತಡೆ ಲಕ್ಷಗಟ್ಟಲೆ ಓಮ್ ಇರಬೇಕಾದ ಕಡೆ ಏನೂ ಉಳಿದಿರಲಿಲ್ಲ. ಕೊನೆಗೆ ಅರ್ತಿಂಗ್ ಅಳತೆ. ಇಲ್ಲಿ ತಡೆ ಕಡಿಮೆ ಇದ್ದಷ್ಟೂ ಒಳ್ಳೇದು. 160 ಓಮ್. "ಐದಾರು ಇದ್ರೆ ಚೆನ್ನಾಗಿದೆ ಅಂತೀವಿ ಸಾರ್. ಇದು ಇದ್ದೂ ಇಲ್ಲದ ಹಾಗೆ" ಅಂದರು. ಸಿಮೆಂಟ್ ಒಡೆಸಿ ನೋಡಿದರೆ ಗುಂಡಿ ಒಣಗಿ ಬೂದಿಯಾಗಿತ್ತು. ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯಲ್ಲ, ಅಪ್ಪ ನೀರು ಹಾಕುತ್ತಿದ್ದದ್ದು ಅದಕ್ಕೇ. ಕಬ್ಬಿಣದ ತಂತಿ ತುಕ್ಕು ಹಿಡಿದು ಒಂದು ಎಳೆಯಲ್ಲಿ ನಿಂತಿತ್ತು.

ಮೂರು ಕಾವಲು ಇರುವ ಮನೆ ಅದು. ಕಾಯಿಲಿನ ಹೊದಿಕೆ ಒಂದು, ಅರ್ತಿಂಗ್ ಒಂದು, ಆರ್‌ಸಿಸಿಬಿ ಒಂದು. ಮೂರೂ ಹೋಗಿ ಟವೆಲ್ಲು ಉಳಿದಿತ್ತು.

ಆಮೇಲೆ ನಾನು ಇದನ್ನೆಲ್ಲ ಕೂತು ಓದಿದೆ, ಕೇಳಿ ತಿಳಿದುಕೊಂಡೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಚರ್ಮ ಒಣಗಿದ್ದರೆ ಅದು ಒಳ್ಳೇ ತಡೆ. ಸಾವಿರಾರು ಓಮ್ ಇರುತ್ತೆ, ಕೆಲವೊಮ್ಮೆ ಲಕ್ಷದ ಹತ್ತಿರ. ನೆನೆದ ಮೈ, ಬರಿಗಾಲು, ಒದ್ದೆ ನೆಲ ಸೇರಿದರೆ ಅದು ಸುಮಾರು ಒಂದು ಸಾವಿರಕ್ಕೆ ಇಳಿಯುತ್ತೆ. 230ನ್ನು 1000ದಿಂದ ಭಾಗಿಸಿ. 0.23 ಆಂಪಿಯರ್. ಅಂದರೆ 230 ಮಿಲಿ ಆಂಪಿಯರ್. ಒಂದು ಮಿಲಿ ಆಂಪಿಯರ್ ಹರಿದರೆ ನಮಗೆ ಜುಮ್ ಅನ್ನುತ್ತೆ. ಹತ್ತರ ಆಸುಪಾಸಿನಲ್ಲಿ ಕೈ ಮುಷ್ಟಿ ಕಟ್ಟಿಕೊಂಡು ಬಿಡಿಸಲು ಆಗಲ್ಲ. ಮೂವತ್ತು ದಾಟಿ ಸ್ವಲ್ಪ ಹೊತ್ತು ಹರಿದರೆ ಉಸಿರು ಕಟ್ಟಬಹುದು. ಅದಕ್ಕಿಂತ ಮೇಲೆ ಹೋದಂತೆಲ್ಲ ಹೃದಯ ತನ್ನ ಲಯ ಬಿಟ್ಟು ಸುಮ್ಮನೆ ನಡುಗತೊಡಗುವ ಭಯ.

ಜುಮ್ ಅನ್ನುವುದಕ್ಕೂ ಪ್ರಾಣ ಹೋಗುವುದಕ್ಕೂ ನಡುವೆ ಇರುವುದು ಕಾಯಿಲಿನ ತೂತು ಇನ್ನೊಂಚೂರು ದೊಡ್ಡದಾಗುವುದು, ಅಥವಾ ಅವತ್ತು ಕೈ ಒಂಚೂರು ಜಾಸ್ತಿ ಒದ್ದೆಯಾಗಿರುವುದು. ಐದು ತಿಂಗಳು ಏನೂ ಆಗಲಿಲ್ಲ ಅನ್ನುವುದು ನಾಳೆಗೆ ಯಾವ ಭರವಸೆಯನ್ನೂ ಕೊಡಲ್ಲ.

"ಬಿಡಿಸಿಕೊಳ್ಳಲು ಆಗದ ಕರೆಂಟು" ಎಷ್ಟು ಅಂತ ಅಳೆದವರು ಅಮೆರಿಕದ ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದ ಚಾರ್ಲ್ಸ್ ಡಾಲ್ಝೀಲ್. ತಾವಾಗಿ ಮುಂದೆ ಬಂದವರ ಕೈಗೆ ತಂತಿ ಕೊಟ್ಟು, ಸ್ವಲ್ಪ ಸ್ವಲ್ಪವೇ ಏರಿಸಿ, ಎಲ್ಲಿಯವರೆಗೆ ಕೈ ಬಿಡಲು ಸಾಧ್ಯ ಅಂತ ನೋಡಿದರು. ಗಂಡಸರಲ್ಲಿ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. ನನ್ನನ್ನು ತಟ್ಟಿದ್ದು ಆ ಎರಡನೇ ಅಂಕಿ. ಅಮ್ಮನಂಥವರಿಗೆ ನನಗಿರುವಷ್ಟು ಅವಕಾಶವೂ ಇಲ್ಲ. ಅದೇ ಡಾಲ್ಝೀಲ್ 1961ರಲ್ಲಿ ಅತಿ ಸಣ್ಣ ಸೋರಿಕೆಗೂ ಕರೆಂಟ್ ಕತ್ತರಿಸುವ ಸಾಧನ ಮಾಡಿದರು. 1975ರಿಂದ ಅಮೆರಿಕದ ವೈರಿಂಗ್ ನಿಯಮದಲ್ಲಿ ಬಾತ್‌ರೂಮಿನ ಪ್ಲಗ್ಗಿಗೆ ಅದು ಕಡ್ಡಾಯವಾಯಿತು. ನಮ್ಮ ಬೋರ್ಡುಗಳಲ್ಲಿ ಕೂತಿರುವ ಆರ್‌ಸಿಸಿಬಿ ಅದೇ ಜಾತಿಯದು. ಎಲೆಕ್ಟ್ರಿಷಿಯನ್‌ಗಳು ಈಗಲೂ ಹಳೇ ಹೆಸರಿನಲ್ಲೇ ಇಎಲ್‌ಸಿಬಿ ಅನ್ನುತ್ತಾರೆ.

ಅದು ಕೆಲಸ ಮಾಡುವ ರೀತಿ ತಿಳಿದಾಗ ನನಗೆ ಬಸ್ ಕಂಡಕ್ಟರು ನೆನಪಾದರು. ಡಿಪೋಗೆ ಬಂದ ಮೇಲೆ ಕೊಟ್ಟ ಟಿಕೆಟ್ಟಿಗೂ ಚೀಲದಲ್ಲಿರುವ ದುಡ್ಡಿಗೂ ತಾಳೆ ಆಗಲೇಬೇಕು ಅಲ್ವಾ, ಹಾಗೆ. ಮನೆಯೊಳಗೆ ಫೇಸಿನಲ್ಲಿ ಎಷ್ಟು ಕರೆಂಟ್ ಹೋಯಿತೋ ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬರಬೇಕು. ಎರಡೂ ವೈರು ಒಂದೇ ಉಂಗುರದೊಳಗೆ ಹಾದು ಹೋಗುತ್ತವೆ. ಲೆಕ್ಕ ಸರಿಯಿದ್ದರೆ ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತೆ, ಉಂಗುರ ಸುಮ್ಮನಿರುತ್ತೆ. ಗೀಸರಿನಿಂದಲೋ, ಗೋಡೆಯಿಂದಲೋ, ಮನುಷ್ಯನ ಮೈಯಿಂದಲೋ 30 ಮಿಲಿ ಆಂಪಿಯರ್ ಬೇರೆ ದಾರಿ ಹಿಡಿದು ನೆಲಕ್ಕೆ ಹೋದರೆ ಲೆಕ್ಕ ತಪ್ಪುತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಟಕ್ ಅಂತ ಬೀಳುತ್ತೆ. ಬೇರೆ ಯಾವುದೂ ಆ ಕೆಲಸ ಮಾಡಲ್ಲ.

"ಎಂಸಿಬಿ ಇದೆಯಲ್ಲ, ಸಾಕು" ಅಂತ ತುಂಬ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದವನು. ಎಂಸಿಬಿ ಇರುವುದು ವೈರು ಸುಡದೆ ಇರಲಿ ಅಂತ. ಗೀಸರಿಗೆ ಹಾಕುವುದು 16 ಇಲ್ಲವೇ 20 ಆಂಪಿಯರಿನದು. ಮನುಷ್ಯನನ್ನು ಕೊಲ್ಲಲು ಅದರಲ್ಲಿ ನೂರರಲ್ಲಿ ಒಂದು ಪಾಲೂ ಬೇಕಿಲ್ಲ. ನಮ್ಮ ಮನೆಯ ಲೆಕ್ಕವನ್ನೇ ನೋಡಿ. ಗೀಸರಿನ ಮೈಗೆ ಪೂರ್ತಿ 230 ವೋಲ್ಟ್ ಇಳಿದರೂ 160 ಓಮಿನ ಅರ್ತಿಂಗಿನಲ್ಲಿ ನೆಲಕ್ಕೆ ಹರಿಯುವುದು ಒಂದೂವರೆ ಆಂಪಿಯರ್ ಕೂಡ ಇಲ್ಲ. 20 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗಲ್ಲ. ನಲ್ಲಿ, ಷವರ್, ಗೀಸರ್ ಎಲ್ಲಕ್ಕೂ ಕರೆಂಟ್ ತುಂಬಿಕೊಂಡು ಹಾಗೇ ನಿಂತಿರುತ್ತೆ. ಅರ್ತಿಂಗ್ ಚೆನ್ನಾಗಿ 5 ಓಮ್ ಇದ್ದರೆ 46 ಆಂಪಿಯರ್ ಹರಿದು ಎಂಸಿಬಿ ಬೀಳುತ್ತೆ ನಿಜ. ಆದರೆ ಅದಕ್ಕೂ ಸ್ವಲ್ಪ ಹೊತ್ತು ಬೇಕು.

ಈಗ ಅದೇ ಕೆಟ್ಟ 160 ಓಮಿನ ಅರ್ತಿಂಗ್ ಜೊತೆ ಆರ್‌ಸಿಸಿಬಿ ಇಟ್ಟು ನೋಡಿ. 30 ಮಿಲಿ ಆಂಪಿಯರ್ ಹರಿಯಲು ಗೀಸರಿನ ಮೈ ಮೇಲೆ 5 ವೋಲ್ಟ್ ಬಂದರೂ ಸಾಕು. ಅಮ್ಮನ ಕೈ ನಲ್ಲಿಗೆ ತಾಗುವುದಕ್ಕೆ ಎಷ್ಟೋ ಮೊದಲೇ ಬಿದ್ದಿರುತ್ತಿತ್ತು. ಬೀಳುತ್ತಲೂ ಇತ್ತು. ದಿನಾ ಬೆಳಿಗ್ಗೆ ಬಿದ್ದು ಹೇಳುತ್ತಿತ್ತು. ನಾವು ಅದರ ಬಾಯಿ ಕಟ್ಟಿಸಿದೆವು.

ವೈರು ಡೈರೆಕ್ಟ್ ಕೊಟ್ಟುಹೋದವರ ಮೇಲೆ ಮೊದಲು ನನಗೆ ತುಂಬ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಬೆಳಿಗ್ಗೆ ಕರೆಂಟ್ ಹೋಗುತ್ತಿದೆ, ಹೋಗದ ಹಾಗೆ ಮಾಡಿ ಅಂತಲೇ ನಾವು ಕೇಳಿದ್ದು. ಅವರು ಅದನ್ನೇ ಮಾಡಿದರು. ಕಾಯಿಲ್ ಕೆಟ್ಟಿದೆ, ಬದಲಾಯಿಸಬೇಕು ಅಂದಿದ್ದರೆ ದುಡ್ಡಿಗೋಸ್ಕರ ಹೇಳುತ್ತಾನೆ ಅಂತ ಅನುಮಾನ ಪಡುವ ಜನವೂ ನಾವೇ. ಹಾಗಂತ ಅದು ಸರಿಯಲ್ಲ. ಆರ್‌ಸಿಸಿಬಿ ಬೀಳುತ್ತಿದ್ದರೆ ಯಾವುದರಿಂದ ಬೀಳುತ್ತಿದೆ ಅಂತ ಹುಡುಕುವುದಷ್ಟೇ ಕೆಲಸ. ಎಲ್ಲ ಎಂಸಿಬಿ ಇಳಿಸಿ, ಒಂದೊಂದೇ ಏರಿಸುತ್ತಾ ಬಂದರೆ ಯಾವ ಲೈನಿನದು ಅಂತ ಹೆಚ್ಚಾಗಿ ಅಲ್ಲೇ ಗೊತ್ತಾಗುತ್ತೆ. ಇದಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ದುಡ್ಡು ಕೊಡಲು ನಾವು ಸಿದ್ಧರಿರಬೇಕು.

ಕಾಯಿಲ್ ಯಾಕೆ ಹಾಳಾಯಿತು ಅಂದರೆ ನಮ್ಮ ಬೋರ್‌ವೆಲ್ ನೀರು. ಗಡಸು ನೀರು. ಪಾತ್ರೆಯ ತಳಕ್ಕೆ ಕೂರುವ ಬಿಳಿ ಸುಣ್ಣದಂಥ ಪದರವೇ ಕಾಯಿಲಿನ ಮೇಲೂ ಕೂರುತ್ತೆ. ಕಾಯಿಲ್ ಅಂದರೆ ಹೊರಗೆ ಲೋಹದ ಕೊಳವೆ, ನಡುವೆ ಕಾಯುವ ತಂತಿ, ಎರಡಕ್ಕೂ ಮಧ್ಯೆ ಒತ್ತಿ ತುಂಬಿದ ಬಿಳಿ ಪುಡಿ. ಆ ಪುಡಿಯೇ ಕರೆಂಟು ಹೊರಗೆ ಬರದ ಹಾಗೆ ತಡೆಯುವುದು. ಪದರ ಕೂತಲ್ಲಿ ಕಾವು ನೀರಿಗೆ ಇಳಿಯಲ್ಲ, ಕೊಳವೆ ಅತಿಯಾಗಿ ಕಾದು ಬಿರುಕು ಬಿಡುತ್ತೆ. ಸೂಜಿಮೊನೆಯಷ್ಟು ತೂತು ಸಾಕು, ಪುಡಿ ನೀರು ಹೀರುತ್ತೆ. ಅಲ್ಲಿಂದ ಸೋರಿಕೆ ಶುರು. ನೀರು ಕಾಯುವುದಂತೂ ನಿಲ್ಲಲ್ಲ, ಹಾಗಾಗಿ ಕೆಟ್ಟಿದೆ ಅಂತಲೇ ಯಾರಿಗೂ ಅನ್ನಿಸಲ್ಲ. ಗಡಸು ನೀರಿನ ಊರುಗಳಲ್ಲಿ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಪದರ ತೆಗೆಸಬೇಕು. ಒಳಗಿರುವ ಮೆಗ್ನೀಷಿಯಂ ಕಡ್ಡಿ ಸವೆದಿದ್ದರೆ ಹೊಸದು ಹಾಕಿಸಬೇಕು. ಬಿಚ್ಚಿದಾಗಲೇ ಕಾಯಿಲಿಗೆ ಮೆಗ್ಗರ್ ಹಿಡಿಯಿರಿ ಅಂತ ನಾವೇ ಕೇಳಬೇಕು. ಕೇಳದಿದ್ದರೆ ಹೆಚ್ಚಿನವರು ಮಾಡಲ್ಲ.

ಮೈಸೂರಿಗೆ ವಾಪಸ್ ಬಂದು ನಾನಿರುವ ಬಾಡಿಗೆ ಮನೆಯನ್ನೂ ನೋಡಿಸಿದೆ. ಇಲ್ಲಿ ಬೇರೆ ಕಥೆ. ಮೂರು ಅಂತಸ್ತು, ಆರು ಮನೆ, ಎಲ್ಲಕ್ಕೂ ಸೇರಿ ಒಂದೇ ಅರ್ತಿಂಗ್ ಗುಂಡಿ. ಇದರಲ್ಲೊಂದು ಮೋಸ ಅಡಗಿದೆ. ಆರೂ ಮನೆಯ ಹಸಿರು ವೈರು ಕೆಳಗೆ ಒಂದಾಗಿ ಸೇರುತ್ತವೆ. ಅಲ್ಲಿಂದ ಗುಂಡಿಗೆ ಹೋಗುವ ತಂತಿ ಕಿತ್ತುಹೋಗಿದ್ದರೆ, ಅಥವಾ ಗುಂಡಿ ಒಣಗಿದ್ದರೆ, ಮೇಲಿನ ಮನೆಯ ಗೀಸರಿನ ಸೋರಿಕೆ ಹಸಿರು ವೈರಿನಲ್ಲೇ ಹರಡಿ ಕೆಳಗಿನ ಮನೆಯ ಗೀಸರಿಗೂ ಬರುತ್ತೆ. ಆ ಮನೆಯಲ್ಲಿ ಸ್ವಿಚ್ಚೇ ಹಾಕಿರಲ್ಲ, ಆದರೂ ನಲ್ಲಿ ಹೊಡೆಯುತ್ತೆ. ಎಲೆಕ್ಟ್ರಿಷಿಯನ್ ಬಂದು ಅವರ ಗೀಸರನ್ನು ಎಷ್ಟು ನೋಡಿದರೂ ತಪ್ಪು ಸಿಗಲ್ಲ, ತಪ್ಪು ಅಲ್ಲಿಲ್ಲ. ಫ್ಲ್ಯಾಟುಗಳಲ್ಲಿ ಇರುವವರು ಅಸೋಸಿಯೇಷನ್ ಮೀಟಿಂಗಿನಲ್ಲಿ ಪೇಂಟ್, ಪಾರ್ಕಿಂಗ್ ಜೊತೆಗೆ ಈ ಗುಂಡಿಯ ಅಳತೆಯನ್ನೂ ವರ್ಷಕ್ಕೊಮ್ಮೆ ಕೇಳಬೇಕು ಅಂತ ನಾನು ಬೇಡಿಕೊಳ್ಳುತ್ತೇನೆ.

ಇನ್ನೊಂದು ಕೆಟ್ಟ ಚಾಳಿ ಇದೆ. ಅರ್ತಿಂಗ್ ಇಲ್ಲದ ಮನೆಯಲ್ಲಿ ಪ್ಲಗ್ ಪಾಯಿಂಟಿನ ಒಳಗೇ ನ್ಯೂಟ್ರಲಿನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಕೊಡುವುದು. ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತೆ, ಅರ್ತಿಂಗ್ ಇದೆ ಅನ್ನಿಸುತ್ತೆ. ಆದರೆ ಕಂಬದಲ್ಲೋ ಬೋರ್ಡಿನಲ್ಲೋ ನ್ಯೂಟ್ರಲ್ ಒಂದು ಸಲ ಬಿಟ್ಟುಕೊಂಡರೆ ಸಾಕು, ಫೇಸ್ ಗೀಸರಿನೊಳಗಿಂದ ಬಂದು ನೇರ ಅದರ ಮೈಗೇ ಸೇರುತ್ತೆ. ಕೆಟ್ಟಿರದ, ಹೊಸ ಗೀಸರ್ ಕೂಡ ಆಗ ಕೊಲ್ಲಬಲ್ಲದು. ನನ್ನ ಬಾಡಿಗೆ ಮನೆಯ ಒಂದು ಪವರ್ ಪಾಯಿಂಟಿನಲ್ಲಿ ಇದು ಇತ್ತು. ಅವತ್ತೇ ತೆಗೆಸಿದೆ.

"ಸ್ವಿಚ್ ಆಫ್ ಮಾಡಿ ಸ್ನಾನಕ್ಕೆ ಹೋಗು" ಅಂತ ಎಲ್ಲ ಮನೆಯಲ್ಲೂ ಹೇಳುತ್ತಾರೆ. ಒಳ್ಳೇ ಮಾತು, ಬಿಡಬೇಡಿ. ಆದರೆ ಸಾಮಾನ್ಯ ಸ್ವಿಚ್ ಒಂದೇ ವೈರನ್ನು ಕತ್ತರಿಸುತ್ತೆ. ಅದು ಫೇಸೇ ಆಗಿರಬೇಕು. ಯಾರಾದರೂ ವೈರು ಅದಲು ಬದಲು ಮಾಡಿ ಸ್ವಿಚ್ಚನ್ನು ನ್ಯೂಟ್ರಲಿಗೆ ಹಾಕಿದ್ದರೆ, ದೀಪ ಆರಿದ ಮೇಲೂ ಕಾಯಿಲಿನಲ್ಲಿ ಕರೆಂಟ್ ನಿಂತಿರುತ್ತೆ. ಅದಕ್ಕೇ ಗೀಸರಿಗೆ ಎರಡೂ ವೈರನ್ನು ಒಟ್ಟಿಗೆ ಬಿಡಿಸುವ ಡಿಪಿ ಸ್ವಿಚ್ ಬೇಕು, ಅದೂ ಬಚ್ಚಲಿನ ಹೊರಗೆ. ಇಂಗ್ಲೆಂಡಿನಲ್ಲಿರುವ ನನ್ನ ದೊಡ್ಡಮ್ಮನ ಮಗ ಅಲ್ಲಿ ಬಾತ್‌ರೂಮಿನ ದೀಪಕ್ಕೆ ಮೇಲಿನಿಂದ ದಾರ ಇಳಿಬಿಟ್ಟಿದ್ದಾರೆ ಅಂತ ಹೇಳುತ್ತಿದ್ದ. ಒದ್ದೆ ಕೈ ಸ್ವಿಚ್ಚಿಗೆ ತಾಗಲೇಬಾರದು ಅಂತ. ನಮ್ಮಲ್ಲಿ ಷವರಿನಿಂದ ಕೈಚಾಚಿದರೆ ಸಿಗುವ ಹಾಗೆ ಪವರ್ ಪಾಯಿಂಟ್ ಇಡಿಸಿಕೊಳ್ಳುತ್ತೇವೆ.

ಗೀಸರಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ಬಕೆಟ್ಟಿಗೆ ಇಳಿಬಿಡುವ ವಾಟರ್ ಹೀಟರ್ ಕಾಯಿಲ್. ಗೀಸರಿಗೆ ಮೈ ಇದೆ, ಹೊದಿಕೆ ಇದೆ. ಇಲ್ಲಿ ನೀರಿಗೂ ಕರೆಂಟಿಗೂ ಮಧ್ಯೆ ಆ ಒಂದು ತೆಳು ಕೊಳವೆ ಅಷ್ಟೇ. ಪಿಜಿಗಳಲ್ಲಿರುವ ಮಕ್ಕಳು, ಒಂದು ರೂಮಿನ ಮನೆಗಳಲ್ಲಿರುವವರು, ಹಳ್ಳಿಯ ಮುದುಕರು, ಇದನ್ನು ಬಳಸುವವರು ಬೇರೆ ದಾರಿ ಇಲ್ಲದವರು. ಹಾಗಾಗಿ ಬಳಸಬೇಡಿ ಅಂತ ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರಲ್ಲ. 1500 ವ್ಯಾಟಿನ ಕಾಯಿಲ್ ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ತರಲು ಸುಮಾರು 23 ನಿಮಿಷ ಬೇಕು. ತಾಳ್ಮೆ ತಪ್ಪುವುದು ಈ 23 ನಿಮಿಷದಲ್ಲೇ. ಕಾದಿದೆಯಾ ಅಂತ ಬೆರಳು ಅದ್ದಿ ನೋಡುತ್ತೇವೆ. ನೀರು ಮುಟ್ಟುವುದಕ್ಕೆ ಮುಂಚೆ ಸ್ವಿಚ್ ಆಫ್ ಮಾಡುವುದಲ್ಲ, ಪ್ಲಗ್ಗನ್ನೇ ಕಿತ್ತು ತೆಗೆಯಬೇಕು. ತೆಗೆದು ಆ ಪ್ಲಗ್ಗನ್ನು ಕಣ್ಣಿಗೆ ಕಾಣುವ ಹಾಗೆ ಪಕ್ಕಕ್ಕಿಟ್ಟು ಆಮೇಲೆ ಕೈ ಹಾಕಬೇಕು.

ಬಕೆಟ್ ಪ್ಲಾಸ್ಟಿಕ್ಕಿನದೇ ಇರಬೇಕು. ಕೆಲವು ಮನೆಗಳಲ್ಲಿ ಸೌದೆ ಒಲೆ ಬಿಟ್ಟ ಮೇಲೆ ಹಳೇ ತಾಮ್ರದ ಹಂಡೆಗೇ ಕಾಯಿಲ್ ಇಳಿಬಿಡುತ್ತಾರೆ. ಪೂಜೆ ಮಾಡಿದ ಹಂಡೆ, ಬಿಡಲು ಮನಸ್ಸಿಲ್ಲ. ನನಗೆ ಅರ್ಥವಾಗುತ್ತೆ. ಆದರೆ ಕಾಯಿಲಿನಲ್ಲಿ ಒಂದು ತೂತಾದರೆ ಇಡೀ ಹಂಡೆಯೇ ಫೇಸ್ ವೈರ್ ಆಗುತ್ತೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿನ ಪಾಯಿಂಟಿಗೆ ಹಾಕಲು ಅರ್ತ್ ಪಿನ್ ಮುರಿಯುವುದು, ಸೈಕಲ್ ಅಂಗಡಿ ಟೇಪ್ ಸುತ್ತಿದ ಎಕ್ಸ್‌ಟೆನ್ಷನ್ ಬಾಕ್ಸನ್ನು ಬಚ್ಚಲ ನೆಲದ ಮೇಲಿಡುವುದು, ಇವೂ ಅಷ್ಟೇ. ಪ್ಲಗ್ಗಿನ ಆ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದಕ್ಕೆ ಕಾರಣ ಇದೆ. ಒಳಗೆ ಹೋಗುವಾಗ ಮೊದಲು ತಾಗಬೇಕು, ಹೊರಗೆ ಬರುವಾಗ ಕೊನೆಗೆ ಬಿಡಬೇಕು ಅಂತ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಕಾಯಿಲ್ ಆದರೆ ಗುರುತಿನ ಮೇಲೆ ಐಎಸ್ 368 ಅಂತ, ಕೆಳಗೆ ಸಿಎಂ/ಎಲ್ ಅನ್ನುವ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕಾಯಿಲುಗಳಲ್ಲಿ ಹಸಿರು ವೈರೇ ಇಲ್ಲದ್ದನ್ನು ನೋಡಿದ್ದೇನೆ.

ನಮ್ಮನೆಯದು ಸೋಲಾರ್, ನಮಗೆ ಭಯವಿಲ್ಲ ಅನ್ನುವವರಿಗೆ ಒಂದು ಮಾತು. ಬೆಂಗಳೂರಿನ ಸಾವಿರಾರು ತಾರಸಿಗಳ ಮೇಲೆ ಟ್ಯಾಂಕ್ ಇದೆ, ಅದರಲ್ಲಿ ಮೋಡದ ದಿನಕ್ಕೆ ಅಂತ ಒಂದು ಕಾಯಿಲೂ ಇದೆ. ಬಿಸಿಲು, ಮಳೆ ಎರಡರಲ್ಲೂ ಅದರ ವೈರು ಹಾಗೇ ಬಿದ್ದಿರುತ್ತೆ. ಅಲ್ಲಿಂದ ಇಳಿಯುವ ಪೈಪು ಬರುವುದು ನಿಮ್ಮ ಷವರಿಗೇ. ಗ್ಯಾಸ್ ಗೀಸರಿನ ಅಪಾಯ ಬೇರೆ, ಅದು ಮುಚ್ಚಿದ ಬಚ್ಚಲಿನಲ್ಲಿ ವಾಸನೆಯೇ ಇಲ್ಲದ ವಿಷಗಾಳಿ ತುಂಬುತ್ತೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಯಾರಿಗಾದರೂ ಬಚ್ಚಲಲ್ಲಿ ಕರೆಂಟ್ ಹೊಡೆದರೆ ಓಡಿಹೋಗಿ ಅವರನ್ನು ಹಿಡಿಯಬೇಡಿ. ಕಷ್ಟದ ಮಾತು ಅಂತ ಗೊತ್ತು. ಹೆತ್ತವರು, ಗಂಡ ಹೆಂಡತಿ ಹೀಗೆ ಒಬ್ಬರ ಹಿಂದೆ ಒಬ್ಬರು ಹೋಗುವುದು ಇದರಿಂದಲೇ. ಮೊದಲು ಮೇನ್ ಸ್ವಿಚ್ ಇಳಿಸಿ. ಮೇನ್ ಸ್ವಿಚ್ ಎಲ್ಲಿದೆ ಅಂತ ಮನೆಯ ಚಿಕ್ಕವರಿಗೂ ಇವತ್ತೇ ತೋರಿಸಿ. ಇಳಿಸಲು ಆಗದಿದ್ದರೆ ಒಣಗಿದ ಕೋಲು, ಪ್ಲಾಸ್ಟಿಕ್ ಕುರ್ಚಿ, ಇಂಥದ್ದರಿಂದ ದೂರ ತಳ್ಳಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಬಲವಾಗಿ, ಬೇಗ ಬೇಗ ಒತ್ತುತ್ತಲೇ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಊರಿನಲ್ಲಿ ಈಗ ಹೊಸ ಗುಂಡಿ ಇದೆ. ಅದರ ಸುತ್ತ ಇಟ್ಟಿಗೆ ಕಟ್ಟಿಸಿ, ಸಿಮೆಂಟ್ ಬೀಳದ ಹಾಗೆ ಮುಚ್ಚಳ ಇಟ್ಟಿದ್ದೇವೆ. ಅಳತೆ 6 ಓಮ್ ಬಂತು. ಗೀಸರಿಗೆ ಹೊಸ ಕಾಯಿಲ್, ಬಚ್ಚಲ ಹೊರಗೆ ಡಿಪಿ ಸ್ವಿಚ್, ಬೋರ್ಡಿಗೆ ಹೊಸ ಆರ್‌ಸಿಸಿಬಿ. ಆರ್‌ಸಿಸಿಬಿಗೆ ಕೊಟ್ಟದ್ದು ಎರಡು ಸಾವಿರದ ಆಸುಪಾಸು. ಅದರ ಮೇಲೆ ಟಿ ಅಂತ ಬರೆದ ಸಣ್ಣ ಬಟನ್ ಇದೆ. ತಿಂಗಳಿಗೊಮ್ಮೆ ಒತ್ತಿದರೆ ಬೀಳಬೇಕು. ಬೀಳದಿದ್ದರೆ ಅದು ಸತ್ತಿದೆ ಅಂತ ಅರ್ಥ. ಬಿದ್ದರೆ ಅದು ಬದುಕಿದೆ ಅಂತ ಮಾತ್ರ ಗೊತ್ತಾಗುತ್ತೆ. ಅರ್ತಿಂಗ್ ಸರಿಯಿದೆಯಾ ಅನ್ನುವುದನ್ನು ಬೇರೆಯಾಗಿಯೇ ಅಳೆಯಬೇಕು.

ಅಮ್ಮ ಅದನ್ನು ಅಮಾವಾಸ್ಯೆ ದಿನಕ್ಕೆ ಇಟ್ಟುಕೊಂಡಿದ್ದಾಳೆ, ಮರೆಯಬಾರದು ಅಂತ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೆ ಸ್ಟೂಲ್ ಎಳೆದುಕೊಂಡು ಬೋರ್ಡಿನ ಹತ್ತಿರ ಹೋಗುತ್ತಾಳಂತೆ. ಸ್ಟೂಲ್ ಹತ್ತಬೇಡ, ಬೋರ್ಡನ್ನೇ ಕೆಳಗೆ ಇಳಿಸಿ ಹಾಕಿಸುತ್ತೇನೆ ಅಂದೆ. ಅದಕ್ಕೆ ಅಳತೆ ತೆಗೆದುಕೊಳ್ಳಲು ಮುಂದಿನ ಭಾನುವಾರ ಹೋಗುತ್ತಿದ್ದೇನೆ. ಆ ಟವೆಲ್ಲು ಈಗ ಕೊಟ್ಟಿಗೆ ಬಾಗಿಲಲ್ಲಿ ಕಾಲೊರೆಸಲು ಬಿದ್ದಿದೆ. ಹೋದ ಅಮಾವಾಸ್ಯೆ ಫೋನ್ ಮಾಡಿದ್ದಳು. "ಒತ್ತಿದೆ ಕಣಪ್ಪ. ಟಕ್ ಅಂತು. ಫ್ರಿಜ್ಜೂ ನಿಂತೋಯ್ತು. ಮತ್ತೆ ಏರಿಸಿದೀನಿ" ಅಂದಳು. ಆಮೇಲೆ, "ನಿಮ್ಮಪ್ಪನ ಗುಂಡಿಗೂ ಒಂದು ಕೊಡ ನೀರು ಹಾಕ್ದೆ" ಅಂದಳು.